ಹಿಂದಿನಿಂದ ಕರೆಯದ ಮನೆ

ಮಳೆಗಾಲ ಶುರುವಾಗುವ ಹೊತ್ತಿಗೆ ಹುಮನಾಬಾದಿನ ಅಂಗಡಿಗಳ ಮುಂದೆ ಮಳೆಗೆ ಹೊದಿಸುವ ಹೊಸ ತಾಡಪತ್ರಿಗಳನ್ನು ಬಿಚ್ಚಿ ಹರವುತ್ತಾರೆ. ಮೇಣ, ಎಣ್ಣೆ, ಬಿಸಿಲಿಗೆ ಕಾದ ದಪ್ಪ ಬಟ್ಟೆ ಎಲ್ಲ ಸೇರಿದ ಆ ವಾಸನೆ ಮೂಗಿಗೆ ಬಡಿದರೆ ನಾನು ಇಂದಿಗೂ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತೇನೆ. ಜೊತೆಗಿದ್ದವರು ಯಾಕೆಂದು ಕೇಳಿದರೆ ಬಿಸಿಲು ಅನ್ನುತ್ತೇನೆ. ಮೋಡ ಕವಿದ ದಿನವೂ ಹಾಗೇ ಅಂದು ನಗೆಪಾಟಲಿಗೀಡಾಗಿದ್ದೇನೆ. ಆ ವಾಸನೆಯ ಬೆನ್ನಿಗೇ ಬಸವಕಲ್ಯಾಣದ ನಮ್ಮ ಮನೆ ಕಣ್ಣ ಮುಂದೆ ಬರುತ್ತದೆ: ಕರಿಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಬೆಳಕಿಂಡಿಯಿಂದ ಅಡುಗೆಮನೆಯ ನೆಲಕ್ಕೆ ಬೀಳುವ ಅಂಗೈಯಗಲದ ಬಿಸಿಲು, ಆ ಬಿಸಿಲಿನಲ್ಲಿ ಸುಳಿಯುವ ಒಲೆಯ ಹೊಗೆ. ಊರಿಗೆ ಈ ಹೊಸ ಹೆಸರು ಬಂದು ಆಗ ಎರಡು ವರ್ಷವಾಗಿದ್ದರೂ ಅಜ್ಜಿಯ ಬಾಯಲ್ಲಿ ಅದು ಕಲ್ಯಾಣಿಯೇ ಆಗಿತ್ತು. ಅಜ್ಜಿ ಒಮ್ಮೆ ಹೇಳಿದ್ದನ್ನು ಸರಕಾರವೂ ಬದಲಿಸುವಂತಿರಲಿಲ್ಲ.

ಅವ್ವ ನನ್ನನ್ನು ಹೆತ್ತು ಹೆಚ್ಚು ದಿನ ಉಳಿಯಲಿಲ್ಲ. ಅಪ್ಪ ಊರೂರು ತಿರುಗುವ ನೌಕರಿಯವನು. ನನ್ನನ್ನು ಸಾಕಿದವರು ಅಜ್ಜಿ, ಅಪ್ಪನ ತಮ್ಮ ಬಂಡೆಪ್ಪ ಕಾಕಾ ಮತ್ತು ಅವನ ಕೈಹಿಡಿದು ವರ್ಷವಷ್ಟೇ ಆಗಿದ್ದ ಚಿಗವ್ವ. ಚಿಗವ್ವನಿಗೆ ಆಗ ಹತ್ತೊಂಬತ್ತು, ನನಗೆ ಒಂಬತ್ತು. ಗಂಡ ಹೆಂಡತಿ ಹಿರಿಯರೆದುರು ಮಾತಾಡುವುದು, ಒಂದೇ ಜಮಖಾನೆಯ ಮೇಲೆ ಕೂರುವುದು ನಮ್ಮಲ್ಲಿ ಇರಲಿಲ್ಲ. ಕಾಕಾ ನಾಲ್ಕು ಹೆಜ್ಜೆ ದೂರದಲ್ಲಿ ಕೂತಿದ್ದರೂ ಚಿಗವ್ವ ನನ್ನ ಕಿವಿಯಲ್ಲಿ, “ರೊಟ್ಟಿ ಆಗ್ಯಾವ ಅಂತ ಹೇಳು” ಅನ್ನುತ್ತಿದ್ದಳು. ಹೇಳುತ್ತಿದ್ದೆ. ಅವನು ನನ್ನ ಮುಖ ನೋಡಿ, “ಬಂದೆ ಅಂತ ಹೇಳು” ಅನ್ನುತ್ತಿದ್ದ. ಅದನ್ನೂ ಹೇಳುತ್ತಿದ್ದೆ. ಇನ್ನೊಂದು ಕಟ್ಟಳೆಯಿತ್ತು. ಹೊಸ್ತಿಲು ದಾಟಿ ಹೊರಟವರನ್ನು ಹಿಂದಿನಿಂದ ಕರೆಯಬಾರದು. ಅಪ್ಪಿತಪ್ಪಿ ಕರೆದರೆ, ಹೊರಟವನು ಮರಳಿ ಬಂದು, ಕೂತು, ಒಂದು ಗುಟುಕು ನೀರು ಕುಡಿದೇ ಮತ್ತೆ ಹೊರಡಬೇಕು. ನಿಮ್ಮ ಮನೆಗಳಲ್ಲೂ ಇದು ಇದ್ದೀತು. ನಮ್ಮ ಅಜ್ಜಿಯ ಬಳಿ ಮಾತ್ರ ಈ ತಪ್ಪಿಗೆ ಮಾಫಿ ಇರಲಿಲ್ಲ.

ಹುಮನಾಬಾದಿಗೆ ಕೊಟ್ಟಿದ್ದ ನಮ್ಮ ಅತ್ತೆ, ಅಪ್ಪನ ತಂಗಿ, ಬಸುರಿಯಾಗಿದ್ದಳು, ಅವಳ ಕುಬಸ ಬಂತು. ಪರಿಚಯದವರ ಲಾರಿಯೊಂದು ತೊಗರಿ ಚೀಲ ಹೇರಿಕೊಂಡು ಅಲ್ಲಿನ ಪೇಟೆಗೆ ಹೊರಟಿತ್ತು. ಚೀಲಗಳ ಮೇಲೆ ಜೋಳದ ಕಣಿಕೆ ಹಾಸಿ, ಅಕಾಲದ ಮಳೆಯೆಂದು ಮೇಲೆ ಹೊಸ ತಾಡಪತ್ರಿ ಬಿಗಿದು ನಮಗೆ ಜಾಗ ಮಾಡಿಕೊಟ್ಟರು. ಅಜ್ಜಿ ಮುಂದೆ ಡ್ರೈವರನ ಪಕ್ಕ, ಅವಳ ಪಕ್ಕ ಕಾಕಾ. ಹಿಂದೆ ಚಿಗವ್ವ, ನಾನು, ಓಣಿಯ ಮೂವರು ಹೆಂಗಸರು. ಲಾರಿ ಹೊರಟೇಬಿಟ್ಟಿತ್ತು, ಆಗ ನನಗೆ ಗೂಟದ ಮೇಲೆ ಮರೆತ ಕೆಂಪು ರಿಬ್ಬನ್ ನೆನಪಾಯಿತು. “ಕಾಕಾ! ನನ್ನ ರಿಬ್ಬನ್ ಉಳೀತು!” ಎಂದು ಚೀರಿದೆ. ಲಾರಿ ನಿಂತಿತು. ಕಾಕಾ ಇಳಿದು, ಬೀಗ ತೆಗೆದು ಒಳಗೆ ಹೋಗಿ, ತಂಬಿಗೆಯ ನೀರನ್ನು ನಿಂತೇ ಗಂಟಲಿಗೆ ಸುರಿದುಕೊಂಡು ಓಡಿ ಬಂದ. ರಿಬ್ಬನ್ ಕೊಡಲೆಂದು ಹಿಂದೆ ಹತ್ತಿದವನು ಮತ್ತೆ ಮುಂದಕ್ಕೆ ಹೋಗಲಿಲ್ಲ, ಚಿಗವ್ವನಿಗೂ ನನಗೂ ನಡುವೆ ಕೂತುಬಿಟ್ಟ. ನಾನು ಜಡೆಗೆ ರಿಬ್ಬನ್ ಕಟ್ಟಿಕೊಳ್ಳುವ ಸಂಭ್ರಮದಲ್ಲಿದ್ದೆ.

ರಾಜೇಶ್ವರ ದಾಟಿದ ಮೇಲೆ ಒಂದು ಸಣ್ಣ ಸೇತುವೆ. ಎದುರಿಗೆ ಎಮ್ಮೆಗಳ ಹಿಂಡು ಬಂತಂತೆ, ಡ್ರೈವರ್ ಬದಿಗೆ ತೆಗೆದುಕೊಂಡನಂತೆ, ನೆನೆದ ಎರೆಮಣ್ಣಿನಲ್ಲಿ ಗಾಲಿ ಜಾರಿತಂತೆ. ಇದೆಲ್ಲ ಆಮೇಲೆ ಕೇಳಿದ್ದು. ನನಗೆ ಗೊತ್ತಿರುವುದು ಒಂದೇ, ಬೆಳಕು ಹೋಯಿತು. ಲಾರಿ ಮಗ್ಗುಲಾಗಿ ಹಳ್ಳಕ್ಕೆ ಬಿದ್ದಿತ್ತು. ತಾಡಪತ್ರಿಯ ಬಾಯಿ ಅದರ ಅಡಿಗೆ ಸಿಕ್ಕಿತ್ತು, ಒಳಗೆ ನಾವು, ನಮ್ಮ ಮೇಲೆ ತೊಗರಿ ಚೀಲಗಳು. ಎದೆಯ ಮೇಲೆ ಭಾರ, ಬಾಯೊಳಗೆ ಧೂಳು, ಮೂಗಿನ ತುಂಬ ಆ ಹೊಸ ಬಟ್ಟೆಯ ವಾಸನೆ. ಚಿಗವ್ವನ ಮೊಣಕಾಲು ಹಲಗೆಯ ಕೆಳಗೆ ಸಿಕ್ಕಿ ಅವಳಿಗೆ ಎಚ್ಚರ ತಪ್ಪಿತ್ತು. ಕಾಕಾನ ಮುಷ್ಟಿಯಲ್ಲಿ ನನ್ನ ಮಣಿಕಟ್ಟು. ಹೊಲಗಳಿಂದ ಓಡಿ ಬಂದ ಜನ ಹಗ್ಗ ಕೊಯ್ದು, ಚೀಲಗಳನ್ನು ಒಂದೊಂದಾಗಿ ಎಳೆದು ನಮ್ಮನ್ನು ಮುಟ್ಟುವಷ್ಟರಲ್ಲಿ ಒಂದು ತಾಸಿನ ಮೇಲಾಗಿತ್ತು. ನನ್ನನ್ನು ಹೊರತೆಗೆಯಲು ಕಾಕಾನ ಬೆರಳುಗಳನ್ನು ಬಿಡಿಸಬೇಕಾಯಿತು. ಅಜ್ಜಿಯ ಹಣೆ ಒಡೆದಿತ್ತು, ಓಣಿಯ ಹೆಂಗಸರಿಗೆ ಪೆಟ್ಟಾಗಿತ್ತು. ಸತ್ತವನು ಕಾಕಾ ಒಬ್ಬನೇ.

ಹದಿನೈದು ದಿನವಾದ ಮೇಲೆ ಅಜ್ಜಿ ಪಡಸಾಲೆಯಲ್ಲಿ ಕೂತು ಕೇಳಿದಳು, “ಹೊಂಟ ಮಗನ್ನ ಹಿಂದಿನಿಂದ ಕರದವ್ರು ಯಾರು?” ಎಂಜಿನ್ನಿನ ಸದ್ದಿನಲ್ಲಿ ಅವಳಿಗೆ ಕೂಗಷ್ಟೇ ಕೇಳಿತ್ತು, ಮಾತೂ ದನಿಯ ಗುರುತೂ ಸಿಕ್ಕಿರಲಿಲ್ಲ; ಕರೆದವರು ಯಾರೆಂದು ಕಾಕಾ ಹೇಳಿರಲಿಲ್ಲ, ಓಣಿಯ ಹೆಂಗಸರೂ ಬಾಯಿ ಬಿಟ್ಟಿರಲಿಲ್ಲ. ನಾನು ಕಂಬಕ್ಕೆ ಒತ್ತಿಕೊಂಡು ನಿಂತಿದ್ದೆ. ಬಿದಿರ ದಬ್ಬೆ ಕಟ್ಟಿದ ಕಾಲು ಚಾಚಿ ಮಲಗಿದ್ದ ಚಿಗವ್ವ ಸೂರು ನೋಡುತ್ತಲೇ, “ನಾ ಕರದೆ, ಅತ್ತಿ” ಅಂದಳು. ಸತ್ಯ ಹೇಳುತ್ತೇನೆ, ಆ ಕ್ಷಣ ನನಗೆ ದುಃಖವಾಗಲಿಲ್ಲ, ಬದುಕಿದೆಯಾ ಬಡಜೀವವೇ ಅನ್ನಿಸಿತು. ಅದಕ್ಕಾಗಿ ನನ್ನನ್ನು ನಾನು ಎಂದೂ ಕ್ಷಮಿಸಿಕೊಳ್ಳಲಿಲ್ಲ.

ಅಜ್ಜಿ ಬೈಯಲಿಲ್ಲ, ಹೊಡೆಯಲಿಲ್ಲ. ಚಿಗವ್ವನೊಡನೆ ಮಾತು ನಿಲ್ಲಿಸಿದಳು, ಅಷ್ಟೇ. ಬಾಗಿಲಾಚೆ ಚಿಗವ್ವ ಹೆಜ್ಜೆ ಇಡುವಂತಿಲ್ಲ, ಅಂಗಳದ ಬಾವಿಯೇ ಅವಳ ಸೀಮೆ. “ಹಿಟ್ಟು ತೀರ್‍ಯಾದ ಅಂತ ಹೇಳು” ಎಂದು ಈಗ ಅಜ್ಜಿ ನನ್ನ ಕೈಲಿ ಹೇಳಿಸತೊಡಗಿದಳು. ಆ ಮನೆಯಲ್ಲಿ ಮತ್ತೆ ಯಾರೂ ಯಾರನ್ನೂ ಕೂಗಿ ಕರೆಯಲಿಲ್ಲ. ನನ್ನಿಂದ ಏನಾದರೂ ಬೇಕಾದರೆ ಚಿಗವ್ವ ಮಡಿಚಲಾಗದ ಕಾಲನ್ನು ಎಳೆಯುತ್ತ ಬಂದು ಹೆಗಲು ಮುಟ್ಟುತ್ತಿದ್ದಳು. ಆ ಕಾಲಿನ ಸದ್ದು ಹತ್ತಿರ ಬರುವಾಗಲೆಲ್ಲ ಇವತ್ತು ಹೇಳಿಬಿಡಬೇಕು ಅಂದುಕೊಳ್ಳುತ್ತಿದ್ದೆ. ಅವಳು ನನ್ನ ತಲೆ ಬಾಚುತ್ತಿದ್ದಳು, ಜ್ವರ ಬಂದರೆ ಎದ್ದು ಕೂರುತ್ತಿದ್ದಳು, ತನ್ನ ಪಾಲಿನ ಬೆಲ್ಲ ನನಗಿಡುತ್ತಿದ್ದಳು. ಇವತ್ತು ಹೇಳಿದರೆ ನಿನ್ನೆ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ದಿನಕ್ಕೊಂದಿಷ್ಟು ದೊಡ್ಡದಾಗುತ್ತ ಹೋಯಿತು. ಚಿಟಗುಪ್ಪಕ್ಕೆ ಮದುವೆಯಾಗಿ ಹೋದ ಮೇಲೂ ಬಿಡುಗಡೆ ಸಿಗಲಿಲ್ಲ. ಗಂಡ ಬುತ್ತಿ ಮರೆತು ಹೋದರೆ ಕರೆಯಲು ಬಾಯಿ ಬಾರದೆ ಬರಿಗಾಲಲ್ಲಿ ಬೀದಿಯ ಕೊನೆತನಕ ಓಡುತ್ತಿದ್ದೆ. ನೆರೆಯವರು ನಗುತ್ತಿದ್ದರು. ಅವರಿಗೇನು ಗೊತ್ತು.

ಎಂಬತ್ತನೆಯ ಇಸವಿಯ ಆಚೆಗೆ ಅಜ್ಜಿ ತೀರಿಹೋದಳು. ಮರುವರ್ಷದ ಮಳೆಗೆ ಮಾಳಿಗೆ ಕುಸಿಯಿತು. ಚಿಗವ್ವನನ್ನು ನನ್ನ ಮನೆಗೆ ಕರೆದುಕೊಂಡು ಬರಲು ನಾನೇ ಹೋದೆ. ಇಪ್ಪತ್ತೈದು ವರ್ಷ ಗಾಡಿ ಹತ್ತದವಳು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕಣ್ಣು ಮುಚ್ಚಿ ಕೂತಳು. ರಾಜೇಶ್ವರ ದಾಟಿ ತುಸು ದೂರ ಹೋದದ್ದೇ ಬಸ್ಸು ನಿಂತಿತು. ಕಬ್ಬಿನ ಕಾಲ. ಹಳ್ಳಿಖೇಡದ ಫ್ಯಾಕ್ಟರಿಗೆ ಹೊರಟಿದ್ದ ಟ್ರ್ಯಾಕ್ಟರೊಂದರ ಗಾಲಿ ಮುರಿದು ರಸ್ತೆಗಡ್ಡ ನಿಂತಿತ್ತು. ಮುಂದೆ ಕಬ್ಬಿನ ಲಾರಿ, ಹಿಂದೆ ಕಬ್ಬಿನ ಲಾರಿ, ಒಳಗೆ ಬಾಗಿಲತನಕ ನಿಂತ ಜನ. ಚಿಗವ್ವನ ಮೈ ಬೆವರಿತು.

“ಇಳಸು ನನ್ನ, ಶಾಂತಾ. ಉಸಿರ ಕಟ್ಟಾಕತ್ತದ.”

ಇಳಿಸುವುದೆಲ್ಲಿಗೆ? ಅವಳ ಕೈ ಹಿಡಿದುಕೊಂಡೆ. ಅಷ್ಟು ವರ್ಷ ಬಾರದ ಮಾತು ಆಗ ತಾನಾಗಿ ಬಂತು.

“ಚಿಗವ್ವಾ, ಅವತ್ತ ಕಾಕಾನ್ನ ಕರದಾಕಿ ನಾ. ನನ್ನ ತಪ್ಪ ನೀ ಮೈಮ್ಯಾಲ ತಗೊಂಡಿ.”

ಅವಳು ಕಣ್ಣು ತೆರೆದಳು. “ನೀ ಕರದದ್ದು ನಂಗ ಗೊತ್ತಿಲ್ಲೇನು? ಮಗ್ಗಲಾಗೇ ಇದ್ದೆ.”

“ಮತ್ತ ಯಾಕ ಸುಳ್ಳ ಹೇಳಿದಿ?”

“ಸುಳ್ಳಲ್ಲ ಅದು.” ಅವಳ ದನಿ ತಗ್ಗಿತು. “ರಿಬ್ಬನ್ ಕೊಟ್ಟು ಅವರು ಕೆಳಗ ಇಳ್ಯಾಕತ್ತಿದ್ರು. ನಾ ಹಿಂದಿನಿಂದ ಅಂಗಿ ಹಿಡದು, ‘ಇಲ್ಲೇ ಕುಂದರ್ರಿ’ ಅಂದೆ. ಅತ್ತಿ ಮುಂದ ಇದ್ರು, ಅವರಿಗಿ ಕಾಣ್ತಿದ್ದಿಲ್ಲ. ಮದಿವ್ಯಾದ ಮ್ಯಾಲ ಒಂದ ದಿನಾನೂ ಅವರ ಮಗ್ಗಲಾಗ ಕುಂತು ದಾರಿ ನಡದಿದ್ದಿಲ್ಲ, ಆಸಿ ಆತು. ಮುಂದ ಕುಂತವ್ರೆಲ್ಲಾ ಉಳದ್ರು, ಶಾಂತಾ. ನನ್ನ ಆಸಿಗಿ ಅವರ ಜೀವ ಹೋತು.”

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಇಪ್ಪತ್ತೈದು ವರ್ಷ ನಾನು ಇವಳನ್ನು ತ್ಯಾಗಮಯಿ ಮಾಡಿ ಪೂಜಿಸಿದ್ದೆ, ಇವಳೋ ತನ್ನ ಶಿಕ್ಷೆಯನ್ನು ತಾನೇ ಕೇಳಿ ಪಡೆದಿದ್ದಳು. ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ, ಇಬ್ಬರೂ ಬೇರೆ ಬೇರೆ ಸೆರೆಯಲ್ಲಿದ್ದೆವು. ಆಗಲೇ ಇನ್ನೊಂದು ಸಂಗತಿ ನನಗೆ ಸರಿಯಾಗಿ ಅರ್ಥವಾಯಿತು.

“ಚಿಗವ್ವಾ, ಚೀಲದ ಕೆಳಗ ಕಾಕಾ ನನ್ನ ಕೂಡ ಮಾತಾಡಿದ್ದ.”

ಅವಳು ನನ್ನತ್ತ ಪೂರ್ತಿ ತಿರುಗಿದಳು. “ಏನಂದ್ರು?”

“‘ಇವತ್ತ ಭಾಳ ಚಲೋ ಜಾಗಾ ಸಿಕ್ಕಿತ್ತು ನೋಡು, ಶಾಂತಾ. ಮುಂದ ಕುಂತಿದ್ರ ಈ ಸುಖ ಎಲ್ಲಿ ಸಿಗ್ತಿತ್ತು? ನಿಮ್ಮ ಅಜ್ಜಿ ಮುಂದ ಮಾತ್ರ ಹೇಳಬ್ಯಾಡ’ ಅಂದ. ಅಂದು ನಕ್ಕ.”

ಒಂಬತ್ತರ ಹುಡುಗಿಗೆ ಅದು ಹುಚ್ಚು ಮಾತಿನಂತೆ ಕೇಳಿತ್ತು. ಚೀಲಗಳಡಿ ಸಿಕ್ಕು ಸಾಯುತ್ತಿರುವವನು ಚಲೋ ಜಾಗ ಅನ್ನುತ್ತಾನಲ್ಲ ಎಂದುಕೊಂಡಿದ್ದೆ. ಹೇಳಬೇಡ ಅಂದಿದ್ದ, ಹೇಳಿರಲಿಲ್ಲ. ಅಜ್ಜಿಗೆ ಹೇಳಬಾರದ್ದನ್ನು ಚಿಗವ್ವನಿಗೆ ಹೇಳಬೇಕಿತ್ತೆಂದು ನನಗೆ ಹೊಳೆದಿರಲೇ ಇಲ್ಲ.

“ಇನ್ನೊಮ್ಮಿ ಹೇಳು” ಅಂದಳು. ಹೇಳಿದೆ. “ನಕ್ಕರಾ?” ಅಂದಳು. ನಕ್ಕ ಅಂದೆ. ಮೂರನೆಯ ಸಲವೂ ಹೇಳಿಸಿದಳು. ಅಷ್ಟರಲ್ಲಿ ಬಸ್ಸು ಹೊರಟು ಆ ಸೇತುವೆಯನ್ನು ದಾಟಿತು. ನಾನು ನೋಡಿದೆ, ಅವಳು ನೋಡಲಿಲ್ಲ. ಸೆರಗನ್ನು ಮುಖದ ತುಂಬ ಎಳೆದುಕೊಂಡಿದ್ದಳು. ಅಳುತ್ತಿದ್ದಾಳೆಂದು ಮೆಲ್ಲಗೆ ಸರಿಸಿ ನೋಡಿದರೆ, ನಲವತ್ತು ದಾಟಿದ ಆ ಹೆಂಗಸು ನಾಚಿಕೊಂಡಿದ್ದಳು.

ಚಿಗವ್ವ ಹೋಗಿ ಎಷ್ಟೋ ವರ್ಷಗಳಾದವು. ಆ ಮುಖವನ್ನು ನೋಡಬೇಕಾಗಿದ್ದವನು ಕಾಕಾ ಒಬ್ಬನೇ. ಅವನ ಬದಲು ನಾನು ನೋಡಿದೆ.