ಗುಂಡಿ ಟೈರು ಮತ್ತು ಒಂದು ಹೂಂ

ಮದುವೆ ಮನೆಗೆ ಹೋದರೆ ಉಳಿದವರು ಊಟದ ಪಂಕ್ತಿ ಎಲ್ಲಿದೆ ಎಂದು ನೋಡುತ್ತಾರೆ; ನಾನು ಹೊರಗೆ ನಿಂತ ಗಾಡಿಗಳ ಗಾಲಿ ನೋಡುತ್ತೇನೆ. ಬಗ್ಗಿ ಟೈರಿನ ಮೇಲೆ ಹೆಬ್ಬೆರಳು ಒತ್ತುತ್ತಿದ್ದಾಗ, ಗಾಳಿ ಬಿಡಲು ಬಂದ ಕಿಡಿಗೇಡಿ ಎಂದು ತಿಳಿದು ಗಾಡಿಯವರು ಒಂದೆರಡು ಸಲ ಗದರಿಸಿದ್ದೂ ಉಂಟು. ಅಂಥ ಹೊತ್ತಿನಲ್ಲಿ ನನ್ನ ಹೆಂಡತಿ ಗಿರಿಜಾ ನಾಲ್ಕು ಹೆಜ್ಜೆ ದೂರ ಸರಿದು, ತಾನು ಹೆಣ್ಣಿನ ಕಡೆಯವಳೋ ಗಂಡಿನ ಕಡೆಯವಳೋ, ಅಂತೂ ಈ ಮನುಷ್ಯನ ಕಡೆಯವಳಲ್ಲ ಎಂಬಂತೆ ನಿಲ್ಲುತ್ತಾಳೆ. ಈ ಚಟ ನನಗೆ ಹುಟ್ಟಿನಿಂದ ಬಂದದ್ದಲ್ಲ. ಒಮ್ಮೆ ಟೈರು ಆರಿಸುವುದರಲ್ಲಿ ಎಡವಿದೆ. ಅಂದಿನಿಂದ ಅಂಟಿಕೊಂಡಿತು.

ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ನಾವು ಬೈಲಹೊಂಗಲದಲ್ಲಿದ್ದೆವು. ನಾನು ಒಂದು ಬೀಜದ ಕಂಪನಿಯಲ್ಲಿ ಕೆಲಸಕ್ಕಿದ್ದೆ. ಕಂಪನಿಗಾಗಿ ರೈತರು ತಮ್ಮ ಹೊಲಗಳಲ್ಲಿ ಬೀಜದ ಬೆಳೆ ಬೆಳೆಯುತ್ತಿದ್ದರು. ಹೂ ಬಿಡುವ ಹೊತ್ತಿಗೆ ಸರಿಯಾಗಿ ಹೋಗಿ, ಪರಾಗ ಸೇರಿ ಬೀಜ ಕೆಡುವ ಮೊದಲೇ ಬೆರಕೆ ಗಿಡ ಕೀಳಿಸುವುದು ನನ್ನ ಹೊಣೆ. ಮಳೆ ನಿಲ್ಲಲಿ, ಆಮೇಲೆ ಅರಳೋಣ ಎಂದು ಹೂ ಕಾಯುವುದಿಲ್ಲವಲ್ಲ. ಹಾಗಾಗಿ ಒಂದು ಹಳೆಯ ಜೀಪು ಕೊಂಡಿದ್ದೆ.

ನನ್ನ ತಿರುಗಾಟ ನಾಲ್ಕು ಊರುಗಳ ಸುತ್ತ, ನಾಲ್ಕು ಬಗೆಯ ನೆಲದ ಮೇಲೆ. ಕಿತ್ತೂರಿನ ಕಡೆ ಭತ್ತ, ಕೆಂಪು ರಾಡಿ, ಅದು ಜಾರಿಸುತ್ತದೆ. ಬೈಲಹೊಂಗಲದ ಸುತ್ತ ಹತ್ತಿ, ಎರೆಭೂಮಿ, ಅದು ಹಿಡಿದುಕೊಳ್ಳುತ್ತದೆ. ಸವದತ್ತಿಯ ಕಡೆ ಜೋಳ, ಏರಿಳಿತದ ಹಾದಿ. ರಾಮದುರ್ಗದ ಕಡೆ ಸೂರ್ಯಕಾಂತಿ, ಟೈರಿನ ಬಗಲು ಸೀಳುವ ಕಲ್ಲು. ಯಾವ ಟೈರು ಹಾಕಿಸಲಿ ಎಂದು ಎಲ್ಲಿ ಕೇಳಿದರೂ ಅಲ್ಲಲ್ಲಿನ ನೆಲಕ್ಕೆ ತಕ್ಕ ಉತ್ತರವೇ ಸಿಗುತ್ತಿತ್ತು. ಕಿತ್ತೂರಿನವರು ಅಗಲದ್ದು ಹಾಕಿಸಿ ಎಂದರು. ರಾಮದುರ್ಗದವರು ಅಗಲ ಕಟ್ಟಿಕೊಂಡು ಏನು ಮಾಡುತ್ತೀರಿ, ಬಗಲು ದಪ್ಪ ಇರಬೇಕು ಎಂದರು. ಎಲ್ಲರೂ ಖಾತ್ರಿಯಿಂದಲೇ ಹೇಳಿದರು, ಎಲ್ಲರದೂ ನಿಜವೇ ಇತ್ತು.

ಎರೆಭೂಮಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಒಣಗಿದಾಗ ಕೈ ಹೋಗುವಷ್ಟು ಬಿರುಕು ಬಿಡುವ ಈ ಮಣ್ಣು ಒಂದು ಮಳೆ ಬಿದ್ದರೆ ಸಾಕು, ಕಣಕದ ಹಾಗೆ ಗಾಲಿಗೆ ಮೆತ್ತಿಕೊಳ್ಳುತ್ತದೆ. ಟೈರಿನ ಸಂದುಗಳೆಲ್ಲ ತುಂಬಿ ಗಾಲಿ ಬೋಳಾಗುತ್ತದೆ; ಆಮೇಲೆ ಅದು ತಿರುಗುತ್ತದೆಯೇ ಹೊರತು ಮುಂದೆ ಹೋಗುವುದಿಲ್ಲ. ಹಿಂದಿನವರು ಚಕ್ಕಡಿಯ ಮರದ ಗಾಲಿಗೆ ಕಿರಿದಾದ ಕಬ್ಬಿಣದ ಪಟ್ಟಿ ಹಾಕಿಸುತ್ತಿದ್ದುದು ಬಹುಶಃ ಇದಕ್ಕೇ: ಮೆತ್ತಿಕೊಳ್ಳಲು ಮಣ್ಣಿಗೆ ಜಾಗವೇ ಕೊಡದೆ, ಕೆಳಗಿನ ಗಟ್ಟಿ ನೆಲದವರೆಗೆ ಕೊಯ್ದುಕೊಂಡು ಹೋಗಲಿ ಎಂದು. ಹೀಗೆ ತಿಳಿವಳಿಕೆಯ ಮಾತಾಡುವ ನಾನೇ ಸಂಪಗಾಂವದ ಹತ್ತಿರ ಒಂದು ಹತ್ತಿ ಹೊಲದಲ್ಲಿ ಜೀಪು ಹೂತುಕೊಂಡು ನಿಂತೆ. ಎರಡು ಜೋಡಿ ಎತ್ತು ಕಟ್ಟಿ ಎಳೆಸಬೇಕಾಯಿತು. ಹೊಲದ ಯಜಮಾನರು ಬಲು ಮರ್ಯಾದೆಯಿಂದ, “ಮುಂದಿನ ಸಲ ಜೀಪ ರಸ್ತೆ ಮ್ಯಾಲೆ ಬಿಡ್ರಿ ಸಾಹೇಬ್ರ, ನಾವು ಚಕ್ಕಡಿ ಕಳಸ್ತೇವಿ” ಎಂದರು. ಆ ಮರ್ಯಾದೆಯೇ ನನಗೆ ಚುಚ್ಚಿತು.

ಮರುವಾರವೇ ಬೆಳಗಾವಿಗೆ ಹೋಗಿ, ಮಿಲಿಟರಿಯವರು ಹರಾಜು ಹಾಕಿದ್ದ ದೊಡ್ಡ ಟೈರುಗಳನ್ನು ತಂದು ಹಾಕಿಸಿದೆ. ಮೈತುಂಬ ಅಂಗಿಯ ಗುಂಡಿಯ ಹಾಗೆ ಎದ್ದು ನಿಂತ ರಬ್ಬರಿನ ಗಡ್ಡೆಗಳು. ಅದಕ್ಕೇ ಗುಂಡಿ ಟೈರು ಎಂದು ಕರೆದೆ. ನಮ್ಮ ಭಾಷೆಯ ಸೊಗಸು ನೋಡಿ: ಅಂಗಿಯ ಮೇಲೆ ಉಬ್ಬಿದ್ದೂ ಗುಂಡಿ, ರಸ್ತೆಯಲ್ಲಿ ತಗ್ಗಾದದ್ದೂ ಗುಂಡಿ. ಗುಂಡಿಗೆ ಗುಂಡಿಯೇ ಮದ್ದು ಎಂದು ನನಗೆ ನಾನೇ ನಗುತ್ತ ಮನೆಗೆ ಬಂದೆ. ಜೀಪು ಗೇಣುದ್ದ ಎತ್ತರವಾಗಿತ್ತು. ಗಿರಿಜಾ ಸೀರೆ ಹಿಡಿದುಕೊಂಡು ಅದನ್ನು ಹತ್ತುವುದಕ್ಕೆ ಒಂದು ಕಬ್ಬಿಣದ ಮೆಟ್ಟಿಲು ಬೆಸೆಯಿಸಬೇಕಾಯಿತು. ಆ ವರ್ಷದ ಉಳಿದ ಮಳೆಗಾಲದಲ್ಲಿ ನಾನು ಎಲ್ಲಿಯೂ ಹೂತುಕೊಳ್ಳಲಿಲ್ಲ ಎಂಬುದನ್ನು ಮಾತ್ರ ದಾಖಲಿಸಲೇಬೇಕು.

ಆದರೆ ಡಾಂಬರು ರಸ್ತೆಗೆ ಬಂದೊಡನೆ ಆ ಟೈರು ಊಳಿಡುತ್ತಿತ್ತು. ಒಂದೇ ಅಳತೆಯ ಗಡ್ಡೆಗಳು ಒಂದೇ ಅಂತರದಲ್ಲಿ ಡಾಂಬರಿಗೆ ಬಡಿದರೆ ಒಂದೇ ಸ್ವರ ಹೊರಡುತ್ತದೆ, ವೇಗ ಹೆಚ್ಚಿದಷ್ಟೂ ಆ ಸ್ವರ ಏರುತ್ತದೆ. ಸ್ಟೇರಿಂಗ್ ಹಿಡಿದ ಕೈ ಇಳಿದ ಮೇಲೂ ಜುಮುಗುಡುತ್ತಿತ್ತು. ಅವೆಲ್ಲ ಸಣ್ಣ ತೊಂದರೆ ಎಂದುಕೊಂಡೆ. ಕಳೆದುಕೊಂಡದ್ದು ಏನೆಂಬುದು ಗೊತ್ತಾಗಲು ಆರು ತಿಂಗಳು ಹಿಡಿಯಿತು.

ಗಿರಿಜಾ ಸವದತ್ತಿಯ ಒಂದು ಹೈಸ್ಕೂಲಿನಲ್ಲಿ ಶಿಕ್ಷಕಿ. ದಿನಾ ಬೆಳಿಗ್ಗೆ ಅವಳನ್ನು ಅಲ್ಲಿ ಇಳಿಸಿ ನಾನು ಹೊಲಗಳ ಕಡೆ ಹೋಗುತ್ತಿದ್ದೆ. ಹೆಚ್ಚೂಕಡಿಮೆ ಒಂದು ತಾಸಿನ ದಾರಿ. ಮನೆಯಲ್ಲಿ ನಮ್ಮ ಅವ್ವ. ಅವಳ ಕಿವಿ ಅಡುಗೆಮನೆಯಿಂದ ಪಡಸಾಲೆಯವರೆಗೂ ಚುರುಕು. ಸಂಜೆಯಾದರೆ ಅಡುಗೆ, ಉತ್ತರಪತ್ರಿಕೆ, ಬಂದು ಹೋಗುವವರು. ಗಂಡ ಹೆಂಡಿರು ಇಬ್ಬರೇ ಮಾತಾಡಲು ನಮಗಿದ್ದದ್ದು ಜೀಪಿನ ಆ ಒಂದು ತಾಸು. ಮಗಳನ್ನು ಧಾರವಾಡದ ಹಾಸ್ಟೆಲಿಗೆ ಬಿಡುವುದು ನಿಶ್ಚಯವಾದದ್ದೂ ಅಲ್ಲೇ, ನಾಲ್ಕು ದಿನದ ಜಗಳ ಮುಗಿದದ್ದೂ ಅಲ್ಲೇ.

ಗಿರಿಜಾಳ ಧ್ವನಿ ಮೆತ್ತಗೆ. ಟೈರಿನದು ಜೋರು. ಮೊದಲೆರಡು ದಿನ “ಏನು?” “ಏನಂದಿ?” ಎಂದು ಕೇಳಿದೆ. ಮೂರು ಮೂರು ಸಲ ಹೇಳಿಸುವುದು ನನಗೇ ನಾಚಿಕೆಯಾಗಿ, ಆಮೇಲೆ ಹೂಂ ಎನ್ನುವುದಕ್ಕೆ ಶುರುಮಾಡಿದೆ. ಹೂಂ ಎಂಬುದು ನಮ್ಮ ಸಂಸಾರಗಳನ್ನು ನಡೆಸಿಕೊಂಡು ಬಂದ ಮಾತು. ಒಪ್ಪಿದರೂ ಹೂಂ, ಕಥೆ ಕೇಳುತ್ತಿದ್ದರೂ ಹೂಂ, ಸಾಕು ಮುಗಿಸು ಎಂಬುದಕ್ಕೂ ಹೂಂ. ಮೂಗಿನಿಂದ ಹೊರಡುವ ಈ ಸದ್ದಿಗೆ ಎಷ್ಟು ಅರ್ಥ ಇದೆಯೆಂದರೆ ಅರ್ಥವೇ ಇಲ್ಲದಿದ್ದಾಗಲೂ ಯಾರಿಗೂ ಸಂಶಯ ಬರುವುದಿಲ್ಲ. ಅವಳ ತುಟಿ ನಿಂತ ಕೂಡಲೇ ನಾನು ತಲೆಯಾಡಿಸಿ ಹೂಂ ಎನ್ನುತ್ತಿದ್ದೆ. ಆರು ತಿಂಗಳು ಸಂಸಾರ ಬಲು ಸುಸೂತ್ರವಾಗಿ ನಡೆಯಿತು.

ಒಂದು ಸೋಮವಾರ ಸಂಜೆ ಅವಳು ಚಹಾ ತಂದಿಟ್ಟು ಹೇಳಿದಳು.

“ಮುಂಜಾನೆ ಹೂಂ ಅಂದ್ರಲ್ಲ, ಶನಿವಾರ ಪತ್ರಾ ಕೊಟ್ಟುಬಿಡತೇನಿ.”

“ಯಾವ ಪತ್ರಾ?”

ಅವಳು ನನ್ನ ಮುಖವನ್ನೇ ನೋಡಿದಳು. ಅವಳ ಶಾಲೆಯ ಸಂಸ್ಥೆಯವರದೇ ಇನ್ನೊಂದು ಕನ್ಯಾಶಾಲೆ ರಾಮದುರ್ಗದಲ್ಲಿತ್ತು. ಅಲ್ಲಿಗೆ ಮುಖ್ಯಾಧ್ಯಾಪಕಿಯಾಗಿ ಹೋಗುತ್ತೀರಾ ಎಂದು ಇವಳನ್ನು ಕೇಳಿದ್ದರು. ಒಪ್ಪಿಗೆ ಪತ್ರ ಶನಿವಾರದೊಳಗೆ ಕೊಡಬೇಕು. ದಿನಾ ಹೋಗಿ ಬರುವ ದೂರವಲ್ಲ. ವಾರವೆಲ್ಲ ಅಲ್ಲಿ ಅವಳ ಅಕ್ಕನ ಮನೆಯಲ್ಲಿದ್ದು ಶನಿವಾರ ಬರಬೇಕು. ಇಷ್ಟನ್ನೂ ಅವಳು ಬೆಳಿಗ್ಗೆ ಜೀಪಿನಲ್ಲಿ ಹೇಳಿ, “ಹೋಗಲೇನು?” ಎಂದು ಕೇಳಿದ್ದಳಂತೆ. ನಾನು ಹೂಂ ಎಂದಿದ್ದೆನಂತೆ.

“ಇಷ್ಟ ಲಗೂ ಹೂಂ ಅಂತೀರಿ ಅಂತ ನಾ ತಿಳದಿದ್ದಿಲ್ಲ,” ಎಂದಳು. ಅವಳಿಗೆ ನೋವಾಗಿತ್ತು.

ನಿಜ ಹೇಳದೆ ದಾರಿಯಿರಲಿಲ್ಲ. “ನನಗ ಕೇಳಿಸೇ ಇದ್ದಿಲ್ಲ. ಟೈರಿನ ಸಪ್ಪಳಾ.”

“ಹಂಗಾರ ಇಷ್ಟ ದಿವಸ ನಾ ಹೇಳಿದ್ದು? ಒಂದೂ ಕೇಳಿಸಿಲ್ಲ?”

ರೂಢಿಯ ಬಲದಿಂದ ಬಾಯಿಂದ ಹೂಂ ಎಂದೇ ಬಂತು. ಅವಳು ಕಪ್ಪು ಎತ್ತಿಕೊಂಡು ಒಳಗೆ ಹೋದಳು, ನಾನಿನ್ನೂ ಕುಡಿದಿರಲಿಲ್ಲ. ಮರುದಿನದಿಂದ ಬಸ್ಸಿನಲ್ಲಿ ಹೊರಟಳು. “ಬಸ್ಸಿನ್ಯಾಗ ಛಲೋ ನಿದ್ದಿ ಬರತೈತಿ,” ಎಂಬುದು ಅವಳು ಅವ್ವನಿಗೆ ಕೊಟ್ಟ ಕಾರಣ.

ನಾನು ಆ ದಿನವೇ ಹಸನಸಾಬರ ಅಂಗಡಿಗೆ ಹೋದೆ. ಬೈಲಹೊಂಗಲದಲ್ಲಿ ಟೈರು ಮಾರುವುದು, ಪಂಕ್ಚರ್ ತೆಗೆಯುವುದು, ಎರಡೂ ಅವರ ಉದ್ಯೋಗ. ನನ್ನ ಮಿಲಿಟರಿ ಟೈರನ್ನು ಬೆಲ್ಲದ ಪೆಂಟಿ ನೋಡುವವರ ಹಾಗೆ ಸುತ್ತಲೂ ಒತ್ತಿ ನೋಡಿ ಕೇಳಿದರು.

“ವರ್ಷದಾಗ ಎಷ್ಟ ದಿನಾ ರಾಡ್ಯಾಗ ಹೋಗತೀರಿ ಸಾಹೇಬ್ರ?”

“ಹತ್ತ್ ಹದಿನೈದ ದಿನಾ.”

“ಉಳದದ್ದು?”

“ಡಾಂಬರ ಮ್ಯಾಲೆ.”

“ಹಂಗಾರ ಡಾಂಬರಕ್ಕ ಟೈರ್ ತಗೊಂಡು ರಾಡಿ ನಿಭಾಯಿಸಬೇಕ್ರಿ. ನೀವು ರಾಡಿಗೆ ಟೈರ್ ತಗೊಂಡು ಡಾಂಬರ ನಿಭಾಯಿಸಾಕ ಹತ್ತೀರಿ. ಜೀಪಿನ್ಯಾಗ ಬಾಜೂಕ ಯಾರ ಕೂಡತಾರ?”

“ನಮ್ಮ ಮನಿಯವರು.”

“ಅವರನ್ನ ಕೇಳಿದ್ರೇನು?”

ಟೈರು ಕೊಳ್ಳುವಾಗ ಹೆಂಡತಿಯನ್ನು ಕೇಳಬೇಕೆಂಬುದು ನನಗೆ ಹೊಳೆದೇ ಇರಲಿಲ್ಲ. ಹಸನಸಾಬರು ಹೆಚ್ಚು ಮಾತಾಡದೆ ಟೈರು ನೋಡುವುದನ್ನು ಕಲಿಸಿದರು. ನಡುವಿನಲ್ಲಿ ಗಡ್ಡೆಗಳು ಒತ್ತಾಗಿ, ಪಟ್ಟಿಯ ಹಾಗೆ ಕೂಡಿಕೊಂಡಿರಬೇಕು; ರಸ್ತೆಯ ಮೇಲೆ ಉರುಳುವುದು ಅದೇ. ಅಂಚಿಗೆ ಬಂದಂತೆ ಸಂದು ಅಗಲವಾಗಬೇಕು; ಮಣ್ಣನ್ನು ಹಿಡಿಯುವುದೂ ಹೊರಗೆ ಎಸೆಯುವುದೂ ಆ ಅಂಚು. ಗಡ್ಡೆಗಳು ಒಂದು ಸಣ್ಣದು, ಒಂದು ದೊಡ್ಡದು ಇರಬೇಕು. ಎಲ್ಲ ಒಂದೇ ಅಳತೆಯಿದ್ದರೆ ಊಳಿಡುತ್ತದೆ. ದೊಡ್ಡದಿರಲಿ, ಆದರೆ ಜೀಪು ಹೊರುವಷ್ಟೇ ದೊಡ್ಡದಿರಲಿ. ರಾಡಿಗೆ ಇಳಿಯುವಾಗ ಗಾಳಿ ಒಂದಿಷ್ಟು ಬಿಡಬೇಕು, ರಸ್ತೆಗೆ ಹತ್ತಿದ ಮೇಲೆ ಮತ್ತೆ ತುಂಬಿಸಬೇಕು. ಈ ಕೊನೆಯದೊಂದನ್ನು ಮೊದಲೇ ಮಾಡಿದ್ದರೆ ಸಂಪಗಾಂವದಲ್ಲಿ ಎತ್ತು ಬೇಕಾಗುತ್ತಿರಲಿಲ್ಲ ಎಂದೂ ಹೇಳಿದರು.

ಅಂಥ ರೇಡಿಯಲ್ ಟೈರು ಹುಬ್ಬಳ್ಳಿಯಿಂದ ಬರಬೇಕಿತ್ತು. ಬಂದು ಹಾಕಿ ಮುಗಿದಾಗ ಶುಕ್ರವಾರ ಸಂಜೆ. ಮನಸ್ಸಿನಲ್ಲಿ ನನ್ನ ಲೆಕ್ಕಾಚಾರ ಸರಳವಾಗಿತ್ತು. ಜೀಪು ಸುಮ್ಮನಾಗುತ್ತದೆ, ಅವಳು ಮತ್ತೆ ಕೇಳುತ್ತಾಳೆ, ನಾನು ಬೇಡ ಎನ್ನುತ್ತೇನೆ, ಎಲ್ಲ ಮೊದಲಿನಂತಾಗುತ್ತದೆ. “ನಾಳೆ ಜೀಪಿನ್ಯಾಗ ಬಾ, ಟೈರ್ ಬದಲಿಸೇನಿ,” ಎಂದೆ. ಅವಳು ಒಪ್ಪಿದಳು, ಹೂಂ ಎಂದು ಮಾತ್ರ ಅನ್ನಲಿಲ್ಲ.

ಶನಿವಾರ ಬೆಳಗಿನ ಶಾಲೆ. ಊರು ದಾಟಿದ ಮೇಲೆ ಹೊಸ ಡಾಂಬರು. ಜೀಪಿನಲ್ಲಿ ನನಗೆ ಆರು ತಿಂಗಳಿಂದ ಕೇಳಿಸದಿದ್ದುದೆಲ್ಲ ಕೇಳಿಸಿತು: ಬದಿಯ ಪರದೆ ಗಾಳಿಗೆ ಬಡಿಯುವುದು, ಅವಳ ಬಳೆ, ಅವಳು ಗಂಟಲು ಸರಿಮಾಡಿಕೊಂಡದ್ದು. ಇಷ್ಟು ನಿಶ್ಶಬ್ದದಲ್ಲಿ ಮಾತು ಶುರುಮಾಡಲು ಇಬ್ಬರಿಗೂ ಸಂಕೋಚ. ಅರ್ಧ ದಾರಿಗೆ ಬಂದಾಗ ಅವಳು ರಸ್ತೆ ನೋಡುತ್ತಲೇ ಹೇಳಿದಳು.

“ಹದಿನೆಂಟ ವರ್ಷ ಆತು, ಅದ ಖೋಲಿ, ಅದ ಪಾಠಾ. ಒಂದ್ ಸಾಲಿ ನನ್ನ ಕೈಯಾಗ ಕೊಟ್ರ ಹೆಂಗ ನಡಸ್ತೇನಿ, ನೋಡಬೇಕನಸತೈತ್ರಿ. ನೀವು ಬ್ಯಾಡ ಅಂದ್ರ ಬಿಡತೇನಿ. ಆದ್ರ ಕೇಳಿಸ್ಕೊಂಡು ಅನ್ರಿ.”

ಬೇಡ ಎಂಬ ಮಾತು ನನ್ನ ನಾಲಗೆಯ ತುದಿಯಲ್ಲೇ ಇತ್ತು. ಈ ದಾರಿಯಲ್ಲಿ ನನ್ನ ಪಕ್ಕ ಕೂತು ಇನ್ನು ಯಾರು ಮಾತಾಡುತ್ತಾರೆ? ಆದರೆ ಅವಳ ಧ್ವನಿಯಲ್ಲಿದ್ದ ಆಸೆ ಅಷ್ಟು ಸ್ಪಷ್ಟವಾಗಿ ಕೇಳಿಸಿತ್ತು. ಹಳೆಯ ಟೈರಾಗಿದ್ದರೆ ಕೇಳಿಸಲಿಲ್ಲ ಎಂದಾದರೂ ತಪ್ಪಿಸಿಕೊಳ್ಳಬಹುದಿತ್ತು.

“ಹೂಂ,” ಎಂದೆ.

“ಕೇಳಿಸ್ತು?”

“ಎಲ್ಲಾ ಕೇಳಿಸ್ತು. ಹೋಗು.”

ಅವಳು ಚೀಲದಿಂದ ಪತ್ರ ತೆಗೆದು, ಊಟದ ಡಬ್ಬಿಯ ಮುಚ್ಚಳದ ಮೇಲಿಟ್ಟುಕೊಂಡು ಪೆನ್ನು ಬಿಚ್ಚಿದಳು. ಸಹಿಗೆ ಜೀಪು ನಿಲ್ಲಿಸಲೇ ಎಂದು ಕೇಳಿದೆ. “ಬ್ಯಾಡ, ಹೊತ್ತಾಕ್ಕೈತಿ,” ಎಂದು ಓಡುವ ಜೀಪಿನಲ್ಲೇ ತನ್ನ ಪೂರ್ತಿ ಹೆಸರು ಬರೆದಳು. ಓರೆಗಣ್ಣಿನಿಂದ ನೋಡಿದೆ. ಒಂದು ಅಕ್ಷರವೂ ಸೊಟ್ಟಗಾಗಿರಲಿಲ್ಲ. ಇಷ್ಟು ಒಳ್ಳೆಯ ಟೈರು ಆರಿಸಿದ್ದಕ್ಕೆ ನನಗೆ ನನ್ನ ಮೇಲೇ ಒಂದು ಗಳಿಗೆ ಸಿಟ್ಟು ಬಂತು.