ಅಶೋಕವನಕ್ಕೆ ಬಂದ ಮಂಡೋದರಿ

ನುಸಿಗುಳಿಗೆಯ ಜೊತೆ ಹಳೇ ಜರಿಯ ವಾಸನೆ ಮೂಗಿಗೆ ತಾಗಿದರೆ ಸಾಕು, ನಾನು ನಿಂತಲ್ಲೇ ನಿಂತುಬಿಡುತ್ತೇನೆ. ಮೊನ್ನೆ ಗಾಂಧಿಬಜಾರಿನ ಸೀರೆ ಅಂಗಡಿಯಲ್ಲೂ ಹಾಗೇ ಆಯಿತು. ಅಂಗಡಿಯವರು "ಏನ್ ತೋರಿಸ್ಲಿ ಮೇಡಂ?" ಅಂದರು. ಏನು ತೋರಿಸಿಯಾರು, ಪಾಪ! ನನಗೆ ಬೇಕಾಗಿದ್ದುದು ಚಾಮರಾಜಪೇಟೆಯ ನಮ್ಮ ಹಳೇ ಮನೆಯ ನಡುಮನೆ, ಅಲ್ಲಿ ಗೋಡೆಯುದ್ದಕ್ಕೂ ಮೊಳೆಗಳಿಗೆ ತೂಗುತ್ತಿದ್ದ, ಹಳೇ ಜರಿಸೀರೆ ಉಟ್ಟ ಮರದ ಗೊಂಬೆಗಳು. ಈಗ ಆ ಜಾಗದಲ್ಲಿ ನಾಲ್ಕಂತಸ್ತಿನ ಕಟ್ಟಡವಿದೆ, ಕೆಳಗೆ ಔಷಧಿ ಅಂಗಡಿ. ನಿಮಗೂ ಇಂಥದೊಂದು ಮನೆ ಇದ್ದಿರಬಹುದು, ಈಗ ಹುಡುಕಿಕೊಂಡು ಹೋದರೆ ಬಾಗಿಲೇ ಸಿಗದಂಥದು. ನೆನೆದರೆ ಹೊಟ್ಟೆ ಉರಿಯುತ್ತದೆ, ನಿಜ. ಆದರೂ ಅಲ್ಲಿ ಬೆಳೆದೆನಲ್ಲ, ಅದೇ ನನ್ನ ಪುಣ್ಯ.

ತಾತ ಮೇಷ್ಟ್ರಾಗಿದ್ದವರು. ತಿಂಗಳಿಗೊಂದು ಶನಿವಾರ ಸಂಜೆ ನಮ್ಮ ನಡುಮನೆಯೇ ನಾಟಕಶಾಲೆ. ತರಗುಪೇಟೆಯಿಂದ ತಂದ ಖಾಲಿ ಗೋಣಿಚೀಲಗಳ ಮೇಲೆ ಬೀದಿಯವರೆಲ್ಲ ಒತ್ತಿಕೊಂಡು ಕೂರುತ್ತಿದ್ದರು. ತಾತ ಪಕ್ಕದಲ್ಲಿ ಕೂತು ತಾಳ ಹಾಕಿ ಹಾಡುವ ಭಾಗವತರು. ಅಪ್ಪನ ಅಕ್ಕ ಶಾರದತ್ತೆ ಕಪ್ಪು ಪರದೆಯ ಹಿಂದೆ. ಗೊಂಬೆಯ ದಾರಗಳನ್ನು ಕಟ್ಟಿದ ಸಿಂಬಿಯನ್ನು ತಲೆಯ ಮೇಲಿಟ್ಟುಕೊಂಡು, ಅದರ ಕೈಗಳ ಕಂಬಿ ಹಿಡಿದು, ಕಾಲಿಗೆ ಗೆಜ್ಜೆ ಕಟ್ಟಿ ಅತ್ತೆ ಕುಣಿದರೆ ಗೊಂಬೆ ಕುಣಿಯುತ್ತಿತ್ತು. ಹೊರಗೆ ಮಾತು ಮಾತಿಗೂ ಸಿಡುಕುತ್ತಿದ್ದ ಅತ್ತೆ, ಸೀತೆಯ ದನಿಯಲ್ಲಿ ಅತ್ತರೆ ಎದುರುಮನೆಯ ಪೊಲೀಸಿನವರೂ ಕಣ್ಣೊರೆಸಿಕೊಳ್ಳುತ್ತಿದ್ದರು. ತಾತನದು ಎರಡೇ ಕಟ್ಟಳೆ. ರಂಗಕ್ಕೆ ಬಂದ ಗೊಂಬೆ ಮಾತಾಡದೆ ವಾಪಸು ಹೋಗಬಾರದು. ಕೈ ತಪ್ಪಿದವರು ಪರದೆಯ ಹಿಂದೆ ನಿಲ್ಲಬಾರದು. ಕೈ ನಡುಗುತ್ತದೆಂದು ಸ್ವಂತ ತಮ್ಮನನ್ನೇ ಕೆಳಗಿಳಿಸಿದ ಮನುಷ್ಯ ಅವರು.

ಅದಕ್ಕೇ ಅತ್ತೆ ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಗುಟ್ಟಾಗಿ ಹೇಳಿದ್ದಳು: "ಬೆಳಕು ಕಮ್ಮಿ ಆಗ್ತಿದ್ದಂಗೆ ನಂಗೇನೂ ಕಾಣಲ್ಲ ಕಣೇ ಪುಟ್ಟಿ. ತಾತಂಗೆ ಹೇಳ್ಬಿಟ್ಟೀಯ, ಜೋಕೆ! ನನ್ನ ಇಳಿಸ್ಬಿಡ್ತಾರೆ. ಇದೂ ಹೋದ್ರೆ ನಂಗಿನ್ನೇನಿದೆ?" ಪರದೆಯ ಹಿಂದಿನ ಕತ್ತಲಲ್ಲಿ ಅವಳು ಮೊಳೆಗಳನ್ನು ಎಣಿಸಿ ಗೊಂಬೆ ಎತ್ತಿಕೊಳ್ಳುತ್ತಿದ್ದಳು. ಮೂರನೆಯದು ಸೀತೆ, ನಾಲ್ಕನೆಯದು ಮಂಡೋದರಿ. ಆ ಕ್ರಮದಲ್ಲಿ ತೂಗುಹಾಕುವುದು ನನ್ನ ಕೆಲಸ.

ಆ ಶನಿವಾರ ಮಧ್ಯಾಹ್ನ ಗೊಂಬೆಗಳನ್ನೆಲ್ಲ ಬಿಸಿಲಿಗೆ ಹಾಕಿದ್ದೆವು. ನನಗೋ ಕುಂಟೆಬಿಲ್ಲೆ ಆಡುವ ಅವಸರ. ಕ್ರಮ ನೋಡದೆ ತಂದು ನೇತುಹಾಕಿ ಓಡಿಬಿಟ್ಟೆ. ಸಂಜೆ ಲಂಕೆಯ ಕಥೆ. ತಾತ ಸೀತೆಯ ಪ್ರವೇಶದ ಹಾಡು ಹೇಳಿದರು, ಗೆಜ್ಜೆ ಘಲ್ಲೆಂದಿತು, ಅಶೋಕವನಕ್ಕೆ ಕಿರೀಟ ಇಟ್ಟುಕೊಂಡು ಮಂಡೋದರಿ ಬಂದಳು! "ಅಯ್ಯೋ, ಸೀತೆ ಎಲ್ರೀ?" ಅಂದರು ಮುಂದಿದ್ದ ಒಬ್ಬಾಕೆ. ಗೆಜ್ಜೆ ಗಕ್ಕನೆ ನಿಂತಿತು. ಅತ್ತೆಯ ಆಟ ನನ್ನಿಂದಲೇ ಮುಗಿಯಿತು ಅಂದುಕೊಂಡೆ.

ತಾತ ಒಮ್ಮೆ ಪರದೆಯ ಕಡೆ ನೋಡಿ, ತಾಳ ತಟ್ಟಿ ಹಾಡಿಯೇಬಿಟ್ಟರು: "ಹೆಣ್ಣಿನ ಅಳಲನು ಕೇಳುವೆನೆನುತ ಹೆಣ್ಣೇ ಬಂದಳು ನೋಡಿರೋ..." ಆಮೇಲೆ ಗಟ್ಟಿಯಾಗಿ, "ಬನ್ನಿ ತಾಯಿ ಮಂಡೋದರಿ! ಇಷ್ಟು ದೂರ ಬಂದ್ರಲ್ಲ?" ಅಂದರು. ಕೈಯಲ್ಲಿರುವ ಗೊಂಬೆ ಯಾವುದೆಂದು ಅತ್ತೆಗೆ ಆಗಲೇ ತಿಳಿದದ್ದು. ತಕ್ಷಣ ದಪ್ಪ ದನಿ ತೆಗೆದಳು: "ಇನ್ನೇನ್ ಮಾಡ್ಲಿ ಭಾಗವತ್ರೇ? ಆ ಮಗು ಊಟ ಮಾಡ್ತೋ ಇಲ್ವೋ ಅಂತ ನನ್ ಗಂಡ ಕೇಳ್ತಾನಾ?" ಹೆಂಗಸರೆಲ್ಲ ಮೊದಲು ನಕ್ಕರು, ಆಮೇಲೆ ಸೆರಗು ಕಣ್ಣಿಗೊತ್ತಿಕೊಂಡರು.

ಆಟ ಮುಗಿದ ಮೇಲೆ ನಾನು ಬಚ್ಚಲಮನೆಯ ಹಂಡೆಯ ಹಿಂದೆ ಅಡಗಿ ಕೂತಿದ್ದೆ. ತಾತ ಹುಡುಕಿಕೊಂಡು ಬಂದರು. "ಮೊಳೆ ತಪ್ಪಿಸಿದ್ದು ನಾನೇ ತಾತ, ಅತ್ತೆದೇನೂ ತಪ್ಪಿಲ್ಲ" ಎಂದು ಗೊಳೋ ಅಂತ ಅತ್ತುಬಿಟ್ಟೆ. "ತಪ್ಪೇನಾಯ್ತೀಗ? ಚೆನ್ನಾಗೇ ಇತ್ತಲ್ಲ! ಮುಂದಿನ್ ಸಲವೂ ಮಂಡೋದರಿ ಬರ್ಲಿ. ಹೋಗು, ಅತ್ತೆಗೆ ಕಾಫಿ ಕೊಡು" ಅಂದರು. ತಾತ ಇರುವ ತನಕ ಅತ್ತೆ ಪರದೆಯ ಹಿಂದೆಯೇ ಇದ್ದಳು. ಆ ಗಳಿಗೆಯಲ್ಲಿ ತಾತನಿಗೆ ಎಂಥ ಹಾಡು ಹೊಳೆಯಿತಪ್ಪಾ ಎಂದು ನಾವಿಬ್ಬರೂ ವರ್ಷಗಟ್ಟಲೆ ಬೆರಗಾಗಿದ್ದೆವು.

ತಾತ ಹೋದ ಮೇಲೆ ಬೀರು ಖಾಲಿ ಮಾಡುವಾಗ ಅವರ ಕೈಬರಹದ ಪುಸ್ತಕವೊಂದು ಸಿಕ್ಕಿತು. ಅಷ್ಟರಲ್ಲಿ ಅತ್ತೆಗೆ ಹಗಲೂ ಕಾಣುತ್ತಿರಲಿಲ್ಲ, ನಾನೇ ಓದಿದೆ. ಒಂದು ಪುಟದ ತಲೆಯಲ್ಲಿ 'ಮಂಡೋದರಿ ಬಂದರೆ' ಎಂದಿತ್ತು, ಕೆಳಗೆ ಅದೇ ಹಾಡು. ಮುಂದಿನ ಪುಟ 'ಶೂರ್ಪನಖಿ ಬಂದರೆ'. ಆಮೇಲೆ 'ತಾರೆ ಬಂದರೆ', 'ಕೈಕೇಯಿ ಬಂದರೆ'. ಗೋಡೆಯ ಮೇಲಿದ್ದ ಒಂದೊಂದು ಗೊಂಬೆಗೂ ಒಂದೊಂದು ಹಾಡು.

"ನಮ್ಮಪ್ಪಂಗೆ ಗೊತ್ತಿತ್ತು ಕಣೇ" ಅಂದಳು ಅತ್ತೆ. ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, "ಇನ್ನೂ ಇದ್ಯಾ? ಓದು" ಅಂದಳು.

ಕೊನೆಯ ಪುಟ 'ಯಾರೂ ಬಾರದಿದ್ದರೆ'. ಅದರ ಹಾಡು ಎಲ್ಲಕ್ಕಿಂತ ಉದ್ದ, ಅತ್ತೆ ನಿಧಾನವಾಗಿ ಹುಡುಕಿಕೊಳ್ಳಲಿ ಎಂದು.