ಹಂಡೆಯೊಳಗಿನ ಸಮುದ್ರದ ನೀರು

ನಾನು ಹಂಸಭಾವಿ ಕಡೆಯವಳು. ಮದುವೆಯಾಗುವವರೆಗೆ ಸಮುದ್ರ ನೋಡಿರಲಿಲ್ಲ. ಗಂಡನ ನೌಕರಿ ಕಾರವಾರದಲ್ಲಿತ್ತು. ಮೊದಲ ಸಲ ದಂಡೆಯ ಮೇಲೆ ನಿಂತಾಗ, ಇಷ್ಟೊಂದು ನೀರು ಯಾರಿಗೂ ಕುಡಿಯಲು ಬಾರದೆ ಸುಮ್ಮನೆ ಬಿದ್ದಿದೆಯಲ್ಲ ಎಂದು ನನಗೆ ಸಿಟ್ಟೇ ಬಂದಿತ್ತು. ಅದನ್ನು ಕೇಳಿ ಗಂಡ ತಿಂಗಳುಗಟ್ಟಲೆ ನಕ್ಕರು.

ಆ ಊರಿನಲ್ಲೇ ನನ್ನ ಮೊದಲ ಬಸಿರು ಏಳನೇ ತಿಂಗಳಿಗೆ ಹೋಯಿತು. ಹೆಣ್ಣು ಕೂಸು. ನನಗೆ ತೋರಿಸಲಿಲ್ಲ, ನೋಡದಿರುವುದೇ ಒಳ್ಳೆಯದು ಎಂದು ಯಾರೋ ತೀರ್ಮಾನ ಮಾಡಿಬಿಟ್ಟಿದ್ದರು. ನಾನು ಅಳಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದವಳೇ ಬೇಳೆ ಬೇಯಲು ಇಟ್ಟೆ. ಗಟ್ಟಿಗಿತ್ತಿ ಎಂದು ಎಲ್ಲರೂ ಹೊಗಳಿದರು. ಹೊಗಳಿಕೆ ಕೇಳಿ ನನಗೂ ಹಾಗೇ ಅನಿಸತೊಡಗಿತು.

ಪಕ್ಕದ ಮನೆಯಾಕೆಯ ಗಂಡನಿಗೆ ದೋಣಿಯಿತ್ತು. ಆಕೆ ಒಂದು ದಿನ ಅಲ್ಯುಮಿನಿಯಂ ಪಾತ್ರೆಯಲ್ಲಿ ಬಂಡೆಯ ಹೊಂಡದಿಂದ ಹಿಡಿದ ಮೀನೊಂದನ್ನು ತಂದು ನನ್ನ ಮುಂದಿಟ್ಟಳು. ಹೆಬ್ಬೆರಳಿನಷ್ಟು ಉದ್ದ, ಹಳದಿ ಬೆನ್ನು, ಮೈಮೇಲೆ ಕಪ್ಪು ಪಟ್ಟೆ. ಹೊತ್ತು ಹೋಗಲಿ ಎಂದು ತಂದಿದ್ದಳು. ಗಂಡ ಹುಬ್ಬಳ್ಳಿಯಿಂದ ಗಾಜಿನ ತೊಟ್ಟಿ ತಂದರು. ವಾರ ವಾರ ಸಮುದ್ರದ ನೀರು ತಂದು ಬದಲಾಯಿಸುವುದನ್ನು, ನೀರು ಆರಿ ಉಪ್ಪು ಹೆಚ್ಚಾಗಿದೆಯೇ ಎಂದು ನಾಲಿಗೆಯ ತುದಿಗೆ ಹಚ್ಚಿ ನೋಡುವುದನ್ನು ಕಲಿತೆ. ನಮ್ಮದು ವೈಷ್ಣವರ ಮನೆ, ಸಿಗಡಿ ಪಗಡಿ ಒಳಗೆ ಬರುವಂತಿಲ್ಲ. ಹೀಗಾಗಿ ಅದು ಅನ್ನದ ಅಗುಳು, ಬೇಯಿಸಿದ ಪಾಲಕ್ ತಿನ್ನುತ್ತಿತ್ತು. ಜೊತೆಗೆ ನಾನು ಕದ್ದು ಹಾಕುವ ಸೊಳ್ಳೆಯ ಮರಿ. ಮೀನು ಮಗುವಿಗೆ ಬದಲಿ ಎಂದು ಯಾರಾದರೂ ಅಂದಿದ್ದರೆ ಅದೇ ತೊಟ್ಟಿಯ ನೀರನ್ನು ಅವರ ಮುಖಕ್ಕೆ ಎರಚುತ್ತಿದ್ದೆ. ಆದರೆ ಬೆಳಿಗ್ಗೆ ಎದ್ದು ಮೊದಲು ನೋಡುತ್ತಿದ್ದುದು ಅದನ್ನೇ, ಇದೆಯೋ ಇಲ್ಲವೋ ಎಂದು. ಪ್ರತಿ ಬೆಳಿಗ್ಗೆ ಒಂದು ಕ್ಷಣ ಹೆದರಿಕೆಯಾಗುತ್ತಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಗಂಡನಿಗೆ ಹಾನಗಲ್ಲಿಗೆ ವರ್ಗವಾಯಿತು. ಸಮುದ್ರವನ್ನು ಘಟ್ಟದ ಕೆಳಗೆ ಬಿಟ್ಟು ಹೋಗಬೇಕಾದ ಊರು. ಮೀನನ್ನು ಮತ್ತೆ ಕಡಲಿಗೆ ಬಿಡೋಣ ಎಂದು ಗಂಡ ಮೆಲ್ಲಗೆ ಅಂದು ನೋಡಿದರು. ನನ್ನ ಮುಖ ನೋಡಿ ಪ್ಲಾಸ್ಟಿಕ್ ಕ್ಯಾನು ತರಲು ಪೇಟೆಗೆ ಹೋದರು. ಸಾಮಾನಿನ ಲಾರಿಯಲ್ಲಿ ಹಿಂದೆ ಸಮುದ್ರದ ನೀರಿನ ಕ್ಯಾನುಗಳು, ಖಾಲಿ ತೊಟ್ಟಿ. ಮುಂದೆ ಡ್ರೈವರನ ಪಕ್ಕದಲ್ಲಿ ನಾನು, ನನ್ನ ತೊಡೆಯ ಮೇಲೆ ಉಪ್ಪಿನಕಾಯಿಯ ಪಿಂಗಾಣಿ ಭರಣಿ. ಭರಣಿಯೊಳಗೆ ಹಳೆಯ ತೊಟ್ಟಿಯ ನೀರು, ಅದರಲ್ಲಿ ಮೀನು, ಬಾಯಿಗೆ ತೆಳು ಬಟ್ಟೆ. ಘಟ್ಟದ ಪ್ರತಿ ತಿರುವಿನಲ್ಲೂ ಭರಣಿಯನ್ನು ಅವುಚಿ ಹಿಡಿದು ಸಿರ್ಸಿ ಬರುವಷ್ಟರಲ್ಲಿ ಕೈ ಮರಗಟ್ಟಿದವು.

ಹೊಸ ಮನೆಯಲ್ಲಿ ಹಾಲು ಉಕ್ಕಿಸಲು ಅತ್ತೆ ಸವಣೂರಿನಿಂದ ಶಿಗ್ಗಾವಿಯಲ್ಲಿ ಬಸ್ಸು ಬದಲಿಸಿ ಒಬ್ಬರೇ ನಮಗಿಂತ ಮೊದಲು ಬಂದಿದ್ದರು. ಜೊತೆಗೆ ತಮ್ಮ ತವರಿನ ತಾಮ್ರದ ಹಂಡೆ. ವಿಧವೆ, ಮಡಿಯ ಹೆಂಗಸು, ಮಾತು ಕಡಿಮೆ. ಮೀನಿನ ವಿಷಯಕ್ಕೆ ರಂಪವಾಗುತ್ತದೆ ಎಂದು ನಾನು ಉತ್ತರ ಸಿದ್ಧಮಾಡಿಕೊಂಡೇ ಬಂದಿದ್ದೆ. ಅವರು ಭರಣಿಯೊಳಗೆ ಇಣುಕಿ ಬಹಳ ಹೊತ್ತು ನೋಡಿದರು.

"ಮತ್ಸ್ಯಾವತಾರ ಅಂತ ತಿಳ್ಕೋತೇನಿ. ಅಡಗಿ ಮನಿ ಕಡೆ ಮಾತ್ರ ತರಬ್ಯಾಡ," ಅಂದರು.

ಹಾಲು ಉಕ್ಕಿಸುವ ಮುಹೂರ್ತ ಎರಡು ದಿನ ಬಿಟ್ಟು ಇತ್ತು. ಅಲ್ಲಿಯವರೆಗೆ ದೇವರ ಪೆಟ್ಟಿಗೆಯ ಹೊರತು ಮನೆಯೊಳಗೆ ಯಾವುದನ್ನೂ ಜೋಡಿಸುವಂತಿಲ್ಲ. ಮೀನು ಭರಣಿಯಲ್ಲೇ ಪಡಸಾಲೆಯಲ್ಲಿ ಕುಳಿತಿತು. ಮೊದಲ ದಿನ ಮಧ್ಯಾಹ್ನ ಪ್ರಯಾಣದ ದಣಿವಿಗೆ ನಾನು ಮಲಗಿ ಎದ್ದಾಗ, ಕ್ಯಾನುಗಳೆಲ್ಲ ಖಾಲಿಯಾಗಿ ಹಿತ್ತಿಲಲ್ಲಿ ಬೋರಲು ಬಿದ್ದಿದ್ದವು. ಅತ್ತೆ ನನ್ನನ್ನು ಬಚ್ಚಲಿಗೆ ಕರೆದು ತೋರಿಸಿದರು. ಹುಣಸೆಹಣ್ಣು ಹಚ್ಚಿ ಫಳಫಳ ಹೊಳೆಯುವಂತೆ ಉಜ್ಜಿದ ಹಂಡೆಯ ತುಂಬ ಸಮುದ್ರದ ನೀರು.

"ಪ್ಲಾಸ್ಟಿಕಿನ್ಯಾಗ ನೀರು ಕೆಡತದ. ತಾಮ್ರದಾಗಿದ್ರ ಶುದ್ಧ ಇರತದ. ಪಾಪ, ಅದೂ ಒಂದು ಜೀವ."

ನನಗೆ ಸಂತೋಷವೇ ಆಯಿತು. ದೇವರ ನೀರಿಗೆ ಕೊಡುವ ಮರ್ಯಾದೆಯನ್ನು ಅತ್ತೆ ನನ್ನ ಮೀನಿಗೆ ಕೊಟ್ಟಿದ್ದರು. ಹುಟ್ಟಿದಾಗಿನಿಂದ ನಾನೂ ಬೆಳಿಗ್ಗೆ ಎದ್ದು ತಾಮ್ರದ ತಂಬಿಗೆಯ ನೀರು ಕುಡಿದು ಬೆಳೆದವಳು. ಅನುಮಾನ ಎಲ್ಲಿಂದ ಬರಬೇಕು?

ಹಾಲು ಉಕ್ಕಿತು. ತೊಟ್ಟಿ ಕಿಟಕಿಯ ಪಕ್ಕಕ್ಕೆ ಬಂತು, ಹಂಡೆಯ ನೀರು ತೊಟ್ಟಿಗೆ ಬಂತು, ಮೀನು ಭರಣಿಯಿಂದ ತೊಟ್ಟಿಗೆ ಬಂತು. ಭರಣಿಯಲ್ಲಿ ಉಳಿದ ಹಳೆಯ ನೀರನ್ನು ಎಲ್ಲಿ ಚೆಲ್ಲಬೇಕೆಂಬುದೇ ಇತ್ಯರ್ಥವಾಗಲಿಲ್ಲ. ತುಳಸಿಗೆ ಉಪ್ಪುನೀರು ಆಗದು, ಬಚ್ಚಲಿಗೆ ಬೇಡ, ಬಾಗಿಲ ಮುಂದೆ ಮೀನಿನ ನೀರು ದಾಟಬಾರದು ಎಂದು ಅತ್ತೆ ಒಂದೊಂದೇ ಜಾಗ ತಳ್ಳಿಹಾಕಿದ್ದಕ್ಕೆ ಅದು ಹಿತ್ತಿಲ ನೆರಳಿನಲ್ಲೇ ನಿಂತಿತು.

ಮಾರನೆಯ ಬೆಳಿಗ್ಗೆ ಮೀನು ಮೂಲೆಯಲ್ಲಿ ತಲೆ ಕೆಳಗಾಗಿ ನಿಂತಿತ್ತು. ಹಳದಿ ಬೆನ್ನು ಮಸಿ ಹಿಡಿದಿತ್ತು. ಕಿವಿರು ತೆರೆದು ಮುಚ್ಚುವ ವೇಗ ನೋಡಿದರೆ ನನಗೇ ಉಸಿರು ಸಾಲದಾಯಿತು. ಅಗುಳು ಹಾಕಿದೆ, ತಿರುಗಿಯೂ ನೋಡಲಿಲ್ಲ. ಲಾರಿಯ ಕುಲುಕಾಟಕ್ಕೆ, ಹೊಸ ಜಾಗಕ್ಕೆ ಹೆದರಿದೆ ಎಂದುಕೊಂಡು ತೊಟ್ಟಿಗೆ ಸೀರೆ ಮುಚ್ಚಿ ಕತ್ತಲು ಮಾಡಿದೆ. ಗಾಳಿಯೂದುವ ಪಂಪು ಕರೆಂಟು ಹೋದಾಗಲೆಲ್ಲ ನಿಲ್ಲುತ್ತಿತ್ತು. ಆಗ ಸ್ಟೀಲ್ ಲೋಟದಲ್ಲಿ ನೀರು ಎತ್ತಿ ಮೇಲಿನಿಂದ ಸುರಿಯುತ್ತ ನಿಂತೆ. ಹಾಲು ಉಕ್ಕಿಸಿದ ವಾರವೇ ಮನೆಯೊಳಗೆ ಜೀವ ಹೋಗುತ್ತದೆಯೇ ಎಂಬ ಯೋಚನೆ ಬಂತು. ಅದನ್ನು ನೂಕಿದೆ. ಇನ್ನೊಮ್ಮೆ ನನ್ನ ಕೈಯಲ್ಲೇ ಎಂಬುದು ಬಂತು. ಅದು ನೂಕಿದರೂ ಹೋಗಲಿಲ್ಲ.

ಮೀನು ಸೊರಗಿದರೆ ನೀರು ಬದಲಿಸು ಎಂದು ಕಾರವಾರದಾಕೆ ಹೇಳಿಕೊಟ್ಟಿದ್ದಳು. ತೊಟ್ಟಿಯ ಕಾಲುಭಾಗ ನೀರು ತೆಗೆದು ಹಂಡೆಯಲ್ಲಿ ಉಳಿದದ್ದನ್ನು ಸುರಿದೆ. ಮಧ್ಯಾಹ್ನದ ಹೊತ್ತಿಗೆ ಮೀನು ಮಗ್ಗುಲಾಯಿತು. ಒಮ್ಮೆ ಚಿಮ್ಮಿ ಗಾಜಿಗೆ ಬಡಿದು ಮತ್ತೆ ತಳಕ್ಕೆ ಬಿತ್ತು.

ಅಷ್ಟರಲ್ಲಿ ತಿಳವಳ್ಳಿಯಿಂದ ಬಂದು ನೆಲೆಸಿದ್ದ ಎದುರು ಮನೆಯಾಕೆ ಸಮುದ್ರದ ಮೀನು ನೋಡಲು ಬಂದಳು. ಒಳ್ಳೆಯ ಹೆಂಗಸು, ಹೊತ್ತು ಮಾತ್ರ ಕೆಟ್ಟದ್ದು.

"ಅಯ್ಯ, ಹಿಂಗ್ಯಾಕ ಒದ್ದಾಡಾಕತ್ತೈತ್ರಿ ಇದು? ಆನಿಕೆರಿ ಇಲ್ಲೇ ಐತಲ್ರಿ, ಒಯ್ದು ಬಿಟ್ಟುಬಿಡ್ರಿ, ಬದುಕ್ಕೋತೈತಿ."

"ಸಿಹಿನೀರಿಗೆ ಹಾಕಿದ್ರ ಸಾಯತದ್ರಿ ಇದು! ನಿಮ್ಮನ್ನ ಒಯ್ದು ಸಮುದ್ರಕ್ಕ ಬಿಡ್ಲೇನು?" ಎಂದು ಒದರಿದೆ. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಹೋದಳು. ಹೆದರಿಕೆಯಾದಾಗ ನನಗೆ ಬರುವುದು ಸಿಟ್ಟೇ. ಆಕೆ ಮಾರನೆಯ ದಿನ ತಾನಾಗಿಯೇ ಮತ್ತೆ ಬಂದಳು ಅನ್ನುವುದು ಆಕೆಯ ದೊಡ್ಡಸ್ತಿಕೆ.

ಆಕೆ ಹೋದ ಮೇಲೆ, ಏನೂ ತೋಚದೆ, ರೂಢಿಯಂತೆ ತೊಟ್ಟಿಯ ನೀರನ್ನು ಬೆರಳಿನಿಂದ ನಾಲಿಗೆಗೆ ಹಚ್ಚಿಕೊಂಡೆ. ಉಪ್ಪಿನ ಹಿಂದಿನಿಂದ ಇನ್ನೊಂದು ರುಚಿ ಬಂತು. ಆ ರುಚಿ ನನಗೆ ಗೊತ್ತಿತ್ತು. ಕಲಾಯಿ ಹೋದ ಪಾತ್ರೆಯಲ್ಲಿ ಮಜ್ಜಿಗೆ ಉಳಿದರೆ ಬರುವ ರುಚಿ, ಕಿಲುಬು. ಬಚ್ಚಲಿಗೆ ಓಡಿದೆ. ಹಂಡೆಯ ಒಳಗೆ ನೀರು ನಿಂತಿದ್ದ ಅಂಚಿನ ಉದ್ದಕ್ಕೂ ತೆಳ್ಳಗೆ ಹಸಿರು ನೀಲಿ ಗೆರೆ. ಬರಿ ತಾಮ್ರದಲ್ಲಿ ಹುಳಿ ಇಡಬಾರದು, ವಿಷವಾಗುತ್ತದೆ ಎಂದು ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಸಮುದ್ರವನ್ನು ಹಂಡೆಯಲ್ಲಿ ಇಟ್ಟವರು ನಮ್ಮ ವಂಶದಲ್ಲಿ ಯಾರಿದ್ದರು?

ತಿರುಗಿದರೆ ಬಾಗಿಲಲ್ಲಿ ಅತ್ತೆ. ಅವರು ನನ್ನನ್ನು ನೋಡಿದರು, ಹಂಡೆಯನ್ನು ನೋಡಿದರು. ಪಡಸಾಲೆಗೆ ಬಂದು, ಮೀನು ಮುಳುಗಿದ ನೀರಿನಲ್ಲಿ ಮಡಿಯ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡರು. ಅಂಗಳಕ್ಕೆ ಹೋಗಿ ಉಗುಳಿದರು. ಒಳಗೆ ಬಂದಾಗ ಅವರ ಮುಖ ಬಿಳಿಚಿಕೊಂಡಿತ್ತು.

"ಆ ಭರಣಿ ನೀರು ಅದ ಅಲ್ಲಾ? ಅದರಾಗ ಹಾಕು ಮೊದಲ," ಅಂದರು. ಹಿಂದೆಯೇ, "ಸಿರ್ಸಿ ಬಸ್ಸು ಯಾವಾಗ ಅದ?"

ಗಂಡ ಹೊಸ ಕಚೇರಿಗೆ ಹಾಜರಾಗಿ ಇನ್ನೂ ಕುರ್ಚಿ ಬಿಸಿಯಾಗಿರಲಿಲ್ಲ, ರಜೆ ಕೇಳುವಂತಿರಲಿಲ್ಲ. ನಾನು ಮೀನಿನ ಪಕ್ಕ ಬಿಟ್ಟು ಕದಲುವಂತಿರಲಿಲ್ಲ. ಅತ್ತೆ ಒಂದು ಸೀರೆ ಗಂಟು ಕಟ್ಟಿ, ತಾವು ಮುಟ್ಟಲೂ ಹೇಸುತ್ತಿದ್ದ ಪ್ಲಾಸ್ಟಿಕ್ ಕ್ಯಾನುಗಳನ್ನು ಎರಡೂ ಕೈಯಲ್ಲಿ ಹಿಡಿದು, ಸಿರ್ಸಿ ಮೇಲೆ ಕುಮಟೆಯ ಕಡಲಿಗೆ ಹೊರಟುಬಿಟ್ಟರು. ಹುಣ್ಣಿಮೆ ಅಮಾವಾಸ್ಯೆಯಂಥ ಪರ್ವಕಾಲದ ಹೊರತು ಸಮುದ್ರ ಮುಟ್ಟಬಾರದು ಎನ್ನುವವರು ಅವರು. ಅಂದು ಯಾವ ಪರ್ವವೂ ಇರಲಿಲ್ಲ.

ಭರಣಿಯ ನೀರು ಹಳತು, ಜಾಗ ಇಕ್ಕಟ್ಟು. ಲೋಟದಿಂದ ಎತ್ತಿ ಸುರಿಯುವುದನ್ನು ನಿಲ್ಲಿಸಿದರೆ ಮೀನು ಬಾಯಿ ಮೇಲೆ ಮಾಡುತ್ತಿತ್ತು. ನಡುವೆ ಗಂಡ ಬಂದು ಕೈ ಬದಲಿಸಿದರು. ನಾನು ಪಕ್ಕದಲ್ಲೇ ಗೋಡೆಗೆ ಒರಗಿ ಕುಳಿತು, ಸುರಿಯುವ ಸದ್ದು ನಿಂತಿತೇ ಎಂದು ಕೇಳುತ್ತಿದ್ದೆ. ಸತ್ತರೆ ಅತ್ತೆಗೆ ಏನು ಹೇಳಲಿ? ನೀವು ಇಟ್ಟ ಶುದ್ಧ ನೀರೇ ಕೊಂದಿತು ಎಂದು ಅವರಿಗೆ ಈಗಾಗಲೇ ಗೊತ್ತು. ಕ್ಯಾನು ಹೊತ್ತು ಬರುವ ಆ ಹೆಂಗಸಿನ ಮುಂದೆ ಖಾಲಿ ಭರಣಿ ಹೇಗೆ ಇಡಲಿ? ಇನ್ನು ನನ್ನ ಬಗ್ಗೆ ಯೋಚಿಸುವ ಧೈರ್ಯವೇ ಇರಲಿಲ್ಲ. ಒಳಗೆ ಏನೋ ಒಂದು ತುಂಬಿ ನಿಂತಿದೆ, ಮೀನು ಹೋದರೆ ಅದು ಒಡೆಯುತ್ತದೆ, ಇಲ್ಲವೇ ಎಂದೂ ಒಡೆಯುವುದಿಲ್ಲ ಅನಿಸುತ್ತಿತ್ತು. ಯಾವುದು ಹೆಚ್ಚು ಕೆಟ್ಟದ್ದು ಎಂದು ತಿಳಿಯದೆ ಎರಡಕ್ಕೂ ಹೆದರಿದೆ.

ಮಾರನೆಯ ದಿನ ಬಿಸಿಲು ಇಳಿಯುವ ಹೊತ್ತಿಗೆ ಅತ್ತೆ ಟಾಂಗಾದಿಂದ ಇಳಿದರು. ಸೀರೆಯ ಅಂಚು ಉಪ್ಪು ಕಟ್ಟಿ ಬೆಳ್ಳಗಾಗಿತ್ತು. ಬಸ್ಸಿನಲ್ಲಿ ಒಂದು ಕ್ಯಾನಿನ ಮುಚ್ಚಳ ಸಡಿಲಾಗಿ, ಘಟ್ಟದುದ್ದಕ್ಕೂ ಅದನ್ನು ಅಂಗೈಯಿಂದ ಒತ್ತಿ ಹಿಡಿದೇ ಕುಳಿತಿದ್ದರಂತೆ. ಹೊಸ್ತಿಲಲ್ಲೇ ನಿಂತು, "ಜೀವ ಅದನೋ?" ಎಂದು ಅಷ್ಟೇ ಕೇಳಿದರು.

"ಅದರಿ," ಅಂದೆ.

ಬಾವಿಯ ನೀರಿನಿಂದ ತೊಟ್ಟಿಯನ್ನು ಮೊದಲೇ ತೊಳೆದು ಇಟ್ಟಿದ್ದೆ. ಹೊಸ ನೀರು ತುಂಬಿದೆವು. ಅದನ್ನೇ ಸ್ವಲ್ಪ ಸ್ವಲ್ಪವಾಗಿ ಭರಣಿಗೆ ಬೆರೆಸಿ, ಮೀನಿಗೆ ಒಗ್ಗಲು ಬಿಟ್ಟು, ಕೊನೆಗೆ ತೊಟ್ಟಿಗೆ ಇಳಿಸಿದೆವು. ಅದು ತಳದಲ್ಲಿ ಹೋಗಿ ನಿಂತಿತು. ನೆಟ್ಟಗೆ ನಿಂತಿತು. ಕಿವಿರಿನ ವೇಗ ಮಾತ್ರ ಇಳಿದಿರಲಿಲ್ಲ, ನಾವಿಬ್ಬರೂ ಅಲ್ಲಿಂದ ಕಣ್ಣು ಕೀಳಲಿಲ್ಲ.

ಬೆಳಿಗ್ಗೆ ನಾನು ಹೊರಗೆ ಬಂದಾಗ ಅತ್ತೆ ಸ್ನಾನ ಮಾಡಿ ತೊಟ್ಟಿಯ ಮುಂದೆ ನಿಂತಿದ್ದರು, ಬೆರಳ ತುದಿಯಲ್ಲಿ ಒಂದು ಅಗುಳು. ಮೀನು ನಿಧಾನಕ್ಕೆ ಮೇಲೆ ಬಂತು. ಸುತ್ತು ಹಾಕಿತು. ಅಗುಳನ್ನು ಕಚ್ಚಿ ಎಳೆದುಕೊಂಡು ಕೆಳಗೆ ಹೋಯಿತು. ಬೆನ್ನಿನ ಮೇಲೆ ಹಳದಿ ಮತ್ತೆ ಕಾಣುತ್ತಿತ್ತು.

"ಭಾಳ ಹೆದರಿದ್ರೇನ್ರಿ, ಅತ್ತ್ಯಾರ?" ಎಂದೆ, ನಗಲು ನೋಡುತ್ತ.

"ಹೆದರಿದ್ದೆ. ಮೀನಿಗಲ್ಲ." ಅವರು ತೊಟ್ಟಿಯಿಂದ ಕಣ್ಣು ತೆಗೆಯಲಿಲ್ಲ. "ಅವತ್ತ ನಾ ಕಾರವಾರದ ದವಾಖಾನಿಗೆ ಬಂದಾಗ, ನೀ ಹಾಸಿಗಿ ಮ್ಯಾಲ ಎದ್ದು ಕೂತು ಬಸ್ಸಿನ್ಯಾಗ ಜಾಗಾ ಸಿಕ್ತೇನ್ರಿ ಅಂತ ಕೇಳಿದಿ. ಕಣ್ಣಾಗ ಒಂದು ಹನಿ ಇರಲಿಲ್ಲ. ಅವತ್ತಿನಿಂದ ನಿನ್ನ ನೋಡಿದ್ರ ನನಗ ಹೆದರಿಕಿ. ಇದೂ ಹೋಗಿದ್ರ ನೀ ಮತ್ತ ಹಂಗ ಕೂಡತಿದ್ದಿ."

ನಾನು ಏನೋ ಹೇಳಲು ಬಾಯಿ ತೆರೆದೆ. ಮಾತಿನ ಬದಲು ಅಳು ಬಂತು. ನನ್ನದೇ ದನಿ ಎಂದು ಗುರುತು ಸಿಗದಷ್ಟು ಜೋರಾಗಿ ಬಂತು. ಅತ್ತೆ ಮಡಿಯಲ್ಲಿದ್ದರು, ಆದರೂ ನನ್ನ ತಲೆಯನ್ನು ತಮ್ಮ ಹೆಗಲಿಗೆ ಎಳೆದುಕೊಂಡರು.

"ನನಗ ತೋರಿಸಲೇ ಇಲ್ಲರಿ," ಎಂದೆ ಎಷ್ಟೋ ಹೊತ್ತಿನ ಮೇಲೆ. "ಹ್ಯಾಂಗಿತ್ತೋ ಏನೋ, ಗೊತ್ತೇ ಇಲ್ಲ ನನಗ."

"ನಾ ನೋಡೇನಿ," ಅಂದರು ಅತ್ತೆ. "ನನ್ನ ಕೈಯಾಗ ಕೊಟ್ಟಿದ್ರು. ಹಣಿ ನಿಂದ ಇತ್ತು."

"ಕೂದಲಾ?"

"ಇತ್ತವಾ. ತಲಿ ತುಂಬ ಇತ್ತು."